ಮನೆಯಲ್ಲೇ ಇರುವ ಗಂಡನ ಸಮಾಚಾರ

ತ್ವಾಲಿಬ್ ಹೆಂಡತಿಗೆ ಒಂದು ದಿನವೂ ಕೆಟ್ಟದ್ದು ಬಯಸಿದವನಲ್ಲ. ಅದೇ ಅವನ ಗ್ರಹಚಾರ. ಕೆಟ್ಟದ್ದು ಬಯಸಿ ಕೆಟ್ಟದ್ದೇ ಆಗಿದ್ದರೆ ಮಾಡಿದ್ದುಣ್ಣೋ ಮಾರಾಯ ಎಂದು ಸುಮ್ಮನಿರಬಹುದಿತ್ತು. ಒಳ್ಳೆಯದು ಮಾಡಲು ಹೋಗಿ ಕೆಡಿಸಿಕೊಂಡವನು ಯಾರ ಮೇಲೆ ದೂರು ಹೇಳಬೇಕು?

ದೂರಿನ ವಿಚಾರದಲ್ಲಿ ಅವನೇನೂ ಹೊಸಬನಲ್ಲ. ಏಳು ವರ್ಷ ಮೊಂಬಾಸಾದ ಒಂದು ವಿಮಾ ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವುದೇ ಅವನ ಉದ್ಯೋಗವಾಗಿತ್ತು. ಬೆಳಗ್ಗೆ ಆರಕ್ಕೆ ಫೆರಿಯ ನೂಕುನುಗ್ಗಲಿಗೆ ಬಿದ್ದರೆ ಮನೆ ಸೇರುವಾಗ ಎಂಟು ಗಂಟೆ. ಹಗಲಿಡೀ ಊರಿನವರ ದೂರು, ಊಟಕ್ಕೆ ಕೂತರೆ ಮನೆಯವಳ ದೂರು.

"ನಿಮ್ಮ ಮುಖ ನೋಡೋದೇ ಅಪರೂಪ ಆಗೋಯ್ತು ಕಣ್ರೀ," ಎನ್ನುತ್ತಿದ್ದಳು ರುಕಿಯಾ. "ನಾನು ಮದುವೆ ಆಗಿದ್ದು ನಿಮ್ಮನ್ನೋ, ನಿಮ್ಮ ಬೆವರು ಹತ್ತಿದ ಅಂಗೀನೋ?"

ಮೂರನೇ ಮಹಡಿಯ ಒಂಟಿ ಕಿಟಕಿಯ ಮನೆಯಲ್ಲಿ ಅವಳು ಒಣಗಿಹೋಗುತ್ತಿದ್ದಾಳೆಂದು ತ್ವಾಲಿಬ್‌ಗೆ ಗೊತ್ತಿತ್ತು. ಆದ್ದರಿಂದ ಇನ್ನು ಮುಂದೆ ಇಂಟರ್ನೆಟ್ ಇರುವ ಕಡೆಯೆಲ್ಲ ಕಂಪನಿಯ ಆಫೀಸು ಇದ್ದಂತೆಯೇ, ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಿ ಎಂದು ಮೇಲಿನವರು ಅಪ್ಪಣೆ ಕೊಟ್ಟ ದಿನ ಅವನ ತಲೆಯಲ್ಲಿ ಮಹಾಜ್ಞಾನೋದಯವಾಯಿತು. ಹುಟ್ಟಿದೂರು ಪಾಟೆ ದ್ವೀಪಕ್ಕೆ ಹೋಗಿಬಿಡೋಣ! ಅಲ್ಲಿ ರುಕಿಯಾಳ ಹೆಸರಿಗೆ ಅವಳ ತಾಯಿ ಬಿಟ್ಟುಹೋದ ಹವಳಗಲ್ಲಿನ ಮನೆಯಿದೆ. (ನಮ್ಮ ಕಡೆ ಮನೆ ಸೇರುವುದು ಹೆಣ್ಣುಮಕ್ಕಳಿಗೆ. ಗಂಡನೆನ್ನುವವನು ಅಲ್ಲಿ ಗೌರವಾನ್ವಿತ ಅತಿಥಿ. ಈ ಮಾತನ್ನು ಅವನು ಆಗಲೇ ನೆನಪಿಸಿಕೊಳ್ಳಬೇಕಿತ್ತು.) ಕಾಗದದ ಮಧ್ಯೆ ಗೆರೆ ಎಳೆದು ಎಡಕ್ಕೆ ಲಾಭ, ಬಲಕ್ಕೆ ನಷ್ಟ ಎಂದು ಬರೆದ. ಎಡಗಡೆ ತಾಜಾ ಮೀನು, ಸಮುದ್ರದ ಗಾಳಿ, ಬಾಡಿಗೆಯಿಲ್ಲದ ಮನೆ ಎಂದು ಒಂಬತ್ತು ಸಾಲು ಬಂದವು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, 'ದಿನವಿಡೀ ರುಕಿಯಾಳ ಕಣ್ಣೆದುರಿಗೇ ಇರಬಹುದು.' ಬಲಗಡೆ ಬರೆದದ್ದು ಒಂದೇ ಸಾಲು: 'ಉಪ್ಪುಗಾಳಿಗೆ ಲ್ಯಾಪ್‌ಟಾಪ್ ತುಕ್ಕು ಹಿಡಿಯಬಹುದು.'

ಕಾಗದ ನೋಡಿ ರುಕಿಯಾ ಅತ್ತೇಬಿಟ್ಟಳು. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂಬತ್ತರಲ್ಲಿ ಯಾವ ಸಾಲು ಓದಿ ಅತ್ತಳೆಂದು ಕೇಳಲು ಅವನಿಗೆ ಹೊಳೆಯಲಿಲ್ಲ.

ಪಾಟೆಗೆ ಬಂದ ಮೊದಲ ಬೆಳಗ್ಗೆ ನಮಾಜು ಮುಗಿಸಿ ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಹೊರಬಿದ್ದರು. ತ್ವಾಲಿಬ್ ಮಾತ್ರ ಒಳಗೆ ಬಂದು, ಅಂಗಳದಲ್ಲಿ ನೆರಳು ಚೆನ್ನಾಗಿರುವ ಮೂಲೆ ಹುಡುಕಿ, ಮೇಜು ಹಾಕಿ ಪ್ರತಿಷ್ಠಾಪಿತನಾದ. ಹತ್ತು ಗಂಟೆಗೆ ಬಾಗಿಲಲ್ಲಿ, ಒಳಗೆ ಬರಲೇ ಎಂದು ಕೇಳುವ "ಹೋಡೀ!" ಕೂಗು ಕೇಳಿಸಿತು. ಬಂದಿದ್ದವರು ಎದುರು ಮನೆಯ ಜೈತೂನಜ್ಜಿ, ಅವಳ ಹಿಂದೆ ಪಕ್ಕದ ಮನೆಯ ತಿಮಾ, ಇನ್ನೂ ಮೂರು ನಾಲ್ಕು ಜನ, ಎಲ್ಲರ ಕೈಯಲ್ಲೂ ಕಸೂತಿ ಹಾಕುವ ಟೋಪಿ. ರುಕಿಯಾಳ ತಾಯಿಯ ಕಾಲದಿಂದಲೂ ಬೀದಿಯ ಹೆಂಗಸರು ಕಸೂತಿಗೆ ಸೇರುತ್ತಿದ್ದದ್ದು ಇದೇ ಅಂಗಳದಲ್ಲಿ. ಬಂದವರು ಹೊಸ್ತಿಲ ಬಳಿ ಗಂಡಸಿನ ಚಪ್ಪಲಿ ನೋಡಿದರು, ಮುಸುಕು ಸರಿಮಾಡಿಕೊಂಡರು, ಬಂದ ದಾರಿ ಹಿಡಿದರು.

ಮಾರನೆಯ ದಿನವೂ ಚಪ್ಪಲಿ ಅಲ್ಲೇ ಇತ್ತು. ಅದರ ಮಾರನೆಯ ದಿನವೂ.

"ಇವತ್ತು ಗಾಳಿ ಚೆನ್ನಾಗಿದೆಯಂತೆ," ಎಂದಳು ರುಕಿಯಾ ಒಂದು ವಾರದ ಮೇಲೆ. "ಎಲ್ಲರೂ ಮೀನಿಗೆ ಹೋದ್ರು."

"ನಾನೇನು ಬೆಸ್ತನೇನೇ?"

"ಕಲಿತರೆ ತಪ್ಪೇನು?"

"ನಿನ್ನ ಬಿಟ್ಟು ನಾನೆಲ್ಲೂ ಹೋಗಲ್ಲ, ಹೆದರಬೇಡ. ಒಂದು ಚಹಾ ಮಾಡು."

ಕೊನೆಗೆ ಅವಳು ಬಾಯಿಬಿಟ್ಟೇ ಹೇಳಿದಳು. "ರೀ, ಹೊರಗೆ ಜಗಲಿ ಮೇಲೆ ಕೂತು ಕೆಲಸ ಮಾಡಬಾರ್ದಾ?" ಪಾಪ, ಅದನ್ನೂ ಮಾಡಿ ನೋಡಿದ. ಆದರೆ ನಮ್ಮೂರಲ್ಲಿ ಜಗಲಿಯ ಮೇಲೆ ಕೂತವನನ್ನು ಮಾತಾಡಿಸದೆ ಕತ್ತೆಯೂ ದಾಟುವುದಿಲ್ಲ. ಏನ್ ಸಮಾಚಾರ? ಮನೆ ಸಮಾಚಾರ? ಕೆಲಸದ ಸಮಾಚಾರ? ನಿನ್ನೆಯಿಂದೀಚೆಗಿನ ಸಮಾಚಾರ? ಎಲ್ಲದಕ್ಕೂ 'ಒಳ್ಳೇದು' ಎನ್ನಬೇಕು. ಮನೆ ಸುಟ್ಟುಹೋಗಿದ್ದರೂ ಮೊದಲು 'ಒಳ್ಳೇದು', ಆಮೇಲೆ 'ಆದರೆ'. ನೈರೋಬಿಯ ಮೇಲಧಿಕಾರಿ ವಕೇಶೊ ಮೇಡಂ ಮೀಟಿಂಗಿನಲ್ಲಿ, "ಆ ಸತ್ತುಹೋದ ಗಿರಾಕಿಯ ವಿಷಯ ಏನಾಯ್ತು?" ಎಂದು ಕೇಳಿದಾಗ ತ್ವಾಲಿಬ್ ಅದೇ ಓಘದಲ್ಲಿ, "ಒಳ್ಳೇದು, ದೇವರ ದಯೆ!" ಎಂದುಬಿಟ್ಟ. ಅವತ್ತೇ ಮೇಜು ಮತ್ತೆ ಅಂಗಳದ ಮೂಲೆಗೆ ಬಂತು.

ಹೀಗೆ ಮೂರು ತಿಂಗಳು ಕಳೆದವು. ರುಕಿಯಾಳ ಟೋಪಿಯ ಕಸೂತಿ ಅರ್ಧಕ್ಕೇ ನಿಂತಿತ್ತು. ಅವಳ ಮಾತೂ ಅಷ್ಟಕ್ಕಷ್ಟೇ ಆಯಿತು. ಅವನ ಮುಖ ಈಗ ಅಪರೂಪವಲ್ಲದ್ದರಿಂದ ಅವಳು ನೋಡುವುದನ್ನೂ ಬಿಟ್ಟಿದ್ದಳು.

ಅಷ್ಟರಲ್ಲಿ ವಾರ್ಷಿಕ ಪರಿಶೀಲನೆ ಬಂತು. ಮೇಡಂ ಮತ್ತು ಎಂಟು ಜನ ದೊಡ್ಡವರ ಮುಂದೆ ತ್ವಾಲಿಬ್ ತನ್ನ ವರ್ಷದ ಸಾಧನೆಯನ್ನು ಬಾಯಿಬಿಟ್ಟು ವರ್ಣಿಸಬೇಕು.

"ಲಾಮುಗೆ ಹೋಗಿ ಮಾಡಿ," ಎಂದಳು ರುಕಿಯಾ. "ಪಟ್ಟಣ, ನೆಟ್ ಗಟ್ಟಿ ಇರತ್ತೆ. ಸಂಜೆ ತನಕ ಬರೋ ಅವಸರ ಏನೂ ಇಲ್ಲ." ದಾರಿಗೆಂದು ಬಿಸಿ ಮಹಮ್ರಿ ಕರಿದು ಕಟ್ಟಿಕೊಟ್ಟಳು. ಮೂರು ತಿಂಗಳಲ್ಲಿ ಅವಳು ಅಷ್ಟು ಲವಲವಿಕೆಯಿಂದ ಓಡಾಡಿದ್ದು ಅದೇ ಮೊದಲು. ತನ್ನ ಬಡ್ತಿಯ ಬಗ್ಗೆ ಇವಳಿಗೆಷ್ಟು ಆಸೆ ಎಂದುಕೊಂಡು ತ್ವಾಲಿಬ್‌ಗೆ ಕಣ್ಣು ತುಂಬಿ ಬಂತು.

ಕಡವಿಗೆ ಹೋದರೆ ನೀರಿಳಿದು ಕಾಲುವೆಯ ತುಂಬ ಕೆಸರು. ದೋಣಿ ಹೋಗಿ ಅರ್ಧ ಗಂಟೆಯಾಗಿತ್ತು.

"ಒಂಬತ್ತಕ್ಕೆ ಅಂದಿದ್ರಲ್ಲ!"

"ಒಂಬತ್ತಕ್ಕೆ ಅಂದಿದ್ದು ನೀನು," ಎಂದ ಕಡವಿನವನು. "ಸಮುದ್ರ ನಿನ್ನ ಗಡಿಯಾರ ನೋಡ್ಕೊಂಡು ಇಳಿಯತ್ತೇನಪ್ಪಾ? ಮೊಂಬಾಸಾಕ್ಕೆ ಹೋಗಿ ಬುದ್ಧಿ ಅಲ್ಲೇ ಬಿಟ್ಟು ಬಂದ್ಯಾ?"

ಬೇರೆ ದೋಣಿ ಸಿಕ್ಕೀತೇ ಎಂದು ಅಲೆದಾಡಿ ಮುಗಿಯುವಾಗ ಮೀಟಿಂಗಿಗೆ ಉಳಿದಿದ್ದದ್ದು ಇಪ್ಪತ್ತು ನಿಮಿಷ. ಓಡಿದ. ಹಿತ್ತಲ ಬಾಗಿಲಿಂದ ನುಗ್ಗಿದ. ರುಕಿಯಾ ಬಾವಿಗೆ ಹೋಗಿದ್ದಳು. ಕೆಲಸ ಮುಗಿದ ಮೇಲೆ ಹೇಳಿದರಾಯಿತೆಂದು ತೆಂಗಿನಕಾಯಿ ರಾಶಿ ಹಾಕುವ ಉಗ್ರಾಣ ಹೊಕ್ಕು ಬಾಗಿಲು ಹಾಕಿಕೊಂಡ. ಕಿವಿಗೆ ವೈರು ಸಿಕ್ಕಿಸಿ ಪರದೆ ತೆರೆದ. ಒಂಬತ್ತೂ ಮುಖಗಳು ಸಾಲಾಗಿ ಪ್ರತ್ಯಕ್ಷವಾದವು. ಅದೇ ಹೊತ್ತಿಗೆ ಅಂಗಳದಿಂದ ಜೈತೂನಜ್ಜಿಯ ದನಿ ಕೇಳಿಸಿತು.

"ಅಬ್ಬಬ್ಬಾ! ಚಪ್ಪಲಿ ಇಲ್ಲದ ಹೊಸ್ತಿಲು ನೋಡಿ ಎಷ್ಟು ದಿನ ಆಗಿತ್ತೇ!"

ತ್ವಾಲಿಬ್‌ನ ಚಪ್ಪಲಿ ಹಿತ್ತಲಲ್ಲಿತ್ತು. ಹೊರಗೆ ಹೆಂಗಸರು ಮುಸುಕು ತೆಗೆದು, ಕಾಲು ಚಾಚಿ ಕೂತುಬಿಟ್ಟಿದ್ದರು. ಈಗ ಹೊರಗೆ ಬಂದರೆ ಊರಲ್ಲಿ ಮುಖ ಎತ್ತುವ ಹಾಗಿಲ್ಲ, ಬಾಯಿಬಿಟ್ಟರೆ ಒಳಗಿರುವುದು ಗೊತ್ತಾಗುತ್ತದೆ. ಮಾತಾಡದಿದ್ದರೆ ಬಡ್ತಿಯೂ ಇಲ್ಲ, ಬಹುಶಃ ಕೆಲಸವೂ ಇಲ್ಲ. ಬಿಸಿ ತುಪ್ಪ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

"ಏನು ಕಾಯಿಲೇನೇ ನಿನ್ನ ಗಂಡನಿಗೆ?" ಎಂದಳು ಜೈತೂನಜ್ಜಿ.

"ಕಾಯಿಲೆ ಅಲ್ಲಜ್ಜಿ, ಕೆಲಸ."

"ಮನೇಲಿ ಕೂತು ಮಾಡೋದೂ ಕೆಲಸಾನಾ? ಹಾಗಾದ್ರೆ ನಾನೂ ನಲವತ್ತು ವರ್ಷದಿಂದ ಕಂಪನಿ ನೌಕರಿ ಮಾಡ್ತಿದ್ದೀನಿ ಬಿಡು! ನನ್ನ ಗಂಡ ಕೊಂಬೊನ ನೋಡು. ಜ್ವರ ಬಂದ್ರೂ ಸೂರ್ಯ ಮುಳುಗೋ ಮುಂಚೆ ಹೊಸ್ತಿಲು ತುಳಿದವನಲ್ಲ. ಗಂಡಸು ಅಂದ್ರೆ ಹಾಗಿರಬೇಕು."

ತಿಮಾ ದನಿ ಗಡುಸು ಮಾಡಿಕೊಂಡು, "ರುಕಿಯಾ, ಒಂದು ಚಹಾ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದರಲ್ಲೊಂದು ನಗು ಗಂಟೆ ಹೊಡೆದ ಹಾಗೆ ಮೇಲೆದ್ದಿತು. ಯಾರಪ್ಪಾ ಇದು ಎಂದು ಯೋಚಿಸಿದ ತ್ವಾಲಿಬ್‌ಗೆ ಅದು ತನ್ನ ಹೆಂಡತಿಯ ನಗು ಎಂದು ತಿಳಿಯಲು ಸ್ವಲ್ಪ ಹೊತ್ತೇ ಬೇಕಾಯಿತು.

"ಹಾಗನ್ನಬೇಡ್ರೇ, ಪಾಪ," ಎಂದಳು ರುಕಿಯಾ. ಅವಳ ದನಿ ತಗ್ಗಿತು. ಕೇಳಲು ತ್ವಾಲಿಬ್ ಬಾಗಿಲ ಕಡೆಗೆ ವಾಲಿದ. "ಮೊಂಬಾಸಾದಲ್ಲಿ ಎಂಟು ಗಂಟೆಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಕೇಳಿದ್ರೆ ನನ್ನೆದೆ ಹೊಡ್ಕೊಳ್ತಿತ್ತು ಕಣೇ. ಬಾಯಲ್ಲಿ ಬೈತಿದ್ದೆ, ಆದ್ರೆ ಏಳು ಗಂಟೆಗೇ ತಲೆ ಬಾಚಿ ಕೂತಿರ್ತಿದ್ದೆ. ಮನೆಗೆ ಬರೋದ್ರಲ್ಲಿ ಅವರಿಗೆ ಸಾಟಿ ಇರ್ಲಿಲ್ಲ. ಈಗ ಅವರು ಎಲ್ಲೂ ಹೋಗಲ್ಲ, ಅದಕ್ಕೇ ಬರೋದೂ ಇಲ್ಲ."

ತ್ವಾಲಿಬ್ ಇನ್ನಷ್ಟು ವಾಲಿದ. ವೈರು ಕಿತ್ತುಬಂತು.

"ತ್ವಾಲಿಬ್!" ಉಗ್ರಾಣದೊಳಗಿಂದ ವಕೇಶೊ ಮೇಡಂ ದನಿ ಮೊಳಗಿತು. "ಎಲ್ಲಿದ್ದೀರಿ? ಬರೀ ತೆಂಗಿನಕಾಯಿ ಕಾಣಿಸ್ತಿದೆ!"

"ಯಾವಳೇ ಅವಳು?" ಎಂದು ಕಿರುಚಿದಳು ಜೈತೂನಜ್ಜಿ. "ನಿನ್ನ ಉಗ್ರಾಣದಲ್ಲಿ ಹೆಂಗಸನ್ನ ಇಟ್ಕೊಂಡಿದ್ದಾನಲ್ಲೇ!"

ಅಜ್ಜಿ ಒನಕೆ ಹಿಡಿದು ಬಾಗಿಲು ಒದ್ದು ತೆರೆದಾಗ ತ್ವಾಲಿಬ್ ತಲೆಯ ಮೇಲೆ ಬುಟ್ಟಿ ಕವುಚಿಕೊಂಡು, "ನಾನು ಏನೂ ನೋಡಿಲ್ಲ, ದೇವರಾಣೆ, ಏನೂ ನೋಡಿಲ್ಲ!" ಎಂದು ಅರಚುತ್ತಿದ್ದ.

"ನಾವೆಲ್ಲ ಕೇಳಿಸ್ಕೊಂಡ್ವಿ," ಎಂದರು ಮೇಡಂ ತಣ್ಣಗೆ.

ಆ ಸಂಜೆ ಗಂಡ ಹೆಂಡತಿ ಉಗ್ರಾಣದಲ್ಲಿ ಚೆದುರಿದ ತೆಂಗಿನಕಾಯಿಗಳನ್ನು ಮತ್ತೆ ರಾಶಿ ಹಾಕುತ್ತಿದ್ದರು.

"ಎಷ್ಟು ಕೇಳಿಸ್ಕೊಂಡ್ರಿ?" ಎಂದಳು ಅವಳು ಕೊನೆಗೆ.

"ಎಲ್ಲಾ."

"ನಾನು ಹಾಗೆ ಹೇಳಬಾರದಿತ್ತು."

"ನಿಜಾನಾ ರುಕಿಯಾ? ಸುಳ್ಳು ಅಂತ ಹೇಳು."

ರುಕಿಯಾ ಅವನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು. "ಚಹಾ ಮಾಡ್ಲಾ?" ಎಂದಳು.

ಕಂಪನಿಯವರು ಅವನನ್ನು ಕಿತ್ತುಹಾಕಲಿಲ್ಲ. ಮಾತಾಡುವ ಕೆಲಸ ತಪ್ಪಿಸಿ, ಇನ್ನು ಮೇಲೆ ಗಿರಾಕಿಗಳಿಗೆ ಬರೆದು ಉತ್ತರಿಸುವುದಷ್ಟೇ ನಿನ್ನ ಕೆಲಸವೆಂದರು. ಮಾರನೆಯ ಬೆಳಗ್ಗೆ ನಮಾಜು ಮುಗಿಸಿ ಬಂದವನು ಅಂಗಳದ ಮೂಲೆಗೆ ಹೋಗಲಿಲ್ಲ. ಎಂಟು ಗಂಟೆಗೆ ಹೊಸ್ತಿಲ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ, ಬೀದಿ ದಾಟಿ ಕೊಂಬೊ ಅಜ್ಜನ ಜಗಲಿಯ ಮುಂದೆ ನಿಂತ. ಅಲ್ಲಿ ಅಜ್ಜ, ದರ್ಜಿ ಬಕಾರಿ, ನಿವೃತ್ತ ಮೇಷ್ಟ್ರು, ಇನ್ನಿಬ್ಬರು ಗೋಡೆಗೊರಗಿ ಕೂತಿದ್ದರು. ಮಧ್ಯದಲ್ಲಿ ಸರಿಯಾಗಿ ಒಬ್ಬ ಕೂರುವಷ್ಟು ಜಾಗ ಖಾಲಿಯಿತ್ತು.

"ಮೂರು ತಿಂಗಳಿಂದ ಕಾದಿಟ್ಟಿದ್ವಿ," ಎಂದ ಅಜ್ಜ. "ಬಾ, ಕೂತ್ಕೋ."

"ನಿಮಗೆ ಇವತ್ತು ಬಲೆ ಕೆಲಸ ಇಲ್ವಾ ಅಜ್ಜಾ?"

"ಬಲೆ ಕೆಲಸ ಏಳು ಗಂಟೆಗೇ ಮುಗೀತು. ದಿನಾಲೂ ಏಳಕ್ಕೇ ಮುಗಿಯತ್ತೆ. ಬಕಾರಿ ಅಂಗಡಿ ಮುಚ್ಚಿ ಆರು ವರ್ಷ ಆಯ್ತು."

"ಮತ್ತೆ ಸೂರ್ಯ ಮುಳುಗೋ ತನಕ ಇಲ್ಲೇನು ಮಾಡ್ತೀರಿ?"

ಐವರೂ ಅವನನ್ನು ಕನಿಕರದಿಂದ ನೋಡಿದರು. "ಮಗಾ," ಎಂದ ಅಜ್ಜ, "ನಲವತ್ತು ವರ್ಷದಿಂದ ನಾನಿಲ್ಲಿ ಗಾಳಿ ಸೇವನೆಗೆ ಕೂತಿದ್ದೀನಿ ಅಂದ್ಕೊಂಡ್ಯಾ? ಮನೇಲಿಲ್ಲದೆ ಇರೋದೇ ನಮ್ಮ ಉದ್ಯೋಗ. ನಿಮ್ಮಪ್ಪಾನೂ ಇದನ್ನೇ ಮಾಡ್ತಿದ್ದ. ನಿನಗೆ ಹೇಳಿಕೊಡೋ ಮುಂಚೆ ಹೋಗ್ಬಿಟ್ಟ, ಪಾಪ."

ತ್ವಾಲಿಬ್ ಕೂತ. ದಾಟಿಹೋಗುವವರಿಗೆಲ್ಲ 'ಒಳ್ಳೇದು, ಒಳ್ಳೇದು' ಎನ್ನುತ್ತ ಗಿರಾಕಿಗಳಿಗೆ ಉತ್ತರ ಬರೆದ. ಬೀದಿಯಾಚೆಯ ಬಾಗಿಲಲ್ಲಿ ಹತ್ತು ಗಂಟೆಗೆ "ಹೋಡೀ" ಕೇಳಿಸಿತು. ಹನ್ನೊಂದಕ್ಕೆ ಆ ಗಂಟೆಯಂಥ ನಗು, ಮಧ್ಯಾಹ್ನ ಇನ್ನೊಮ್ಮೆ. ಅದು ಕೇಳಿಸಿದಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು. ಏತಕ್ಕೆ ನಕ್ಕಳೆಂದು ಎದ್ದು ಹೋಗಿ ಕೇಳುವಂತಿರಲಿಲ್ಲ. ಅವಳ ಪಕ್ಕದಲ್ಲಿರಬೇಕೆಂದೇ ಊರು ಬಿಟ್ಟು ಊರಿಗೆ ಬಂದವನು ಬೀದಿಯ ಈಚೆ ಕೂತು ಮುಂದಿನ ಗಿರಾಕಿಗೆ ಉತ್ತರ ಬರೆಯುತ್ತಿದ್ದ.

ಸೂರ್ಯ ಮುಳುಗಿತು. ಜಗಲಿಯ ಗಂಡಸರು ಮೈಮುರಿದು, ದಣಿದವರ ಹಾಗೆ ಭುಜ ಇಳಿಬಿಟ್ಟುಕೊಂಡು ಎದ್ದರು. ತ್ವಾಲಿಬ್ ಲ್ಯಾಪ್‌ಟಾಪ್ ಮುಚ್ಚಿ ಬೀದಿ ದಾಟಿದ. ಎಣಿಸಿದ, ಹನ್ನೆರಡು ಹೆಜ್ಜೆ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ರುಕಿಯಾ ತಲೆ ಬಾಚಿ, ಮಲ್ಲಿಗೆ ಮುಡಿದು ನಿಂತಿದ್ದಳು.

"ಬಂದ್ರಾ?" ಎಂದು ಅವನ ಚೀಲ ಇಸಿದುಕೊಂಡಳು. "ತುಂಬಾ ದಣಿದಿದ್ದೀರಾ ಅನ್ಸತ್ತೆ."

"ಹೂಂ ಕಣೇ," ಎಂದ ತ್ವಾಲಿಬ್. "ಆಫೀಸು ದೂರ."