ಬಿಟ್ಟುಕೊಂಡ ಗಾಜಿಗೆ ಒಂದು ತೊಟ್ಟು ಜೇನು

“ನಮ್ಮ ಹೊಸಹಳ್ಳಿ ಮಣ್ಣಲ್ಲಿ ರಾಗಿ ಬೆಳೀತದೆ, ಬಿ.ಎಸ್‌ಸಿ. ಬೆಳೆಯಾಕಿಲ್ಲ” ಎಂದಿದ್ದವರು ನನ್ನ ಚಿಕ್ಕಪ್ಪ. ನಾನು ಪಾಸಾದೆ! ಆದ್ದರಿಂದ ಅದೇ ಚಿಕ್ಕಪ್ಪ ತಮ್ಮ ಕ್ಯಾಮೆರಾ ತೋರಿಸಿ, “ಇದರ ಗಾಜು ಬಿಟ್ಕೊಂಡದೆ ಕಣ್ಲಾ, ಮತ್ತೆ ಕೂಡೋದು ಆಗದ ಮಾತು” ಎಂದಾಗ ನನಗೆ ನಗು ಬಂತು. ಒಮ್ಮೆ ಸುಳ್ಳಾದ ಭವಿಷ್ಯ ಇನ್ನೊಮ್ಮೆಯೂ ಸುಳ್ಳಾಗಲೇಬೇಕು. ಇದು ತರ್ಕಶಾಸ್ತ್ರ!

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಕಪ್ಪು ಗೌನು ತೊಟ್ಟು ಅಜ್ಜಿಯ ಪಕ್ಕದಲ್ಲಿ ನಿಂತ ನನ್ನ ಫೋಟೋ ಪಡಸಾಲೆಯ ಗೋಡೆಯ ಮೇಲಿರಬೇಕೆಂಬುದು ಅಪ್ಪನ ಆಸೆ. ಫೋಟೋ ತೆಗೆಯುವ ಮೊದಲೇ ಗಾಜಿನ ಚೌಕಟ್ಟು ಮಾಡಿಸಿ, ಖಾಲಿಯಾಗಿಯೇ ಮೊಳೆಗೆ ತೂಗುಹಾಕಿದ್ದರು. ಗೌನು ಗೆಳೆಯನಿಂದ ಎರವಲು ತಂದದ್ದು, ಭಾನುವಾರ ಸಂಜೆಗೆ ವಾಪಸು ಕೊಡಬೇಕು.

“ಪೇಟೆ ಸ್ಟುಡಿಯೋದವರನ್ನ ಕರೆಸಾನ” ಎಂದರು ಚಿಕ್ಕಪ್ಪ.

“ಯಾಕೆ ಚಿಕ್ಕಪ್ಪ? ಮನೇಲೇ ಭೌತಶಾಸ್ತ್ರ ಇದೆಯಲ್ಲ!”

ಕ್ಯಾಮೆರಾ ಹಳೆಯದು. ಚಿಕ್ಕಪ್ಪ ಕೆಲಸಕ್ಕಿದ್ದ ಬಂಗಲೆಯ ದೊರೆ ವಿಲಾಯಿತಿಗೆ ಹೊರಟಾಗ ಕೊಟ್ಟದ್ದು. ಅದರ ಮಸೂರದಲ್ಲಿ ಎರಡು ಗಾಜುಗಳು ಗಂಡಹೆಂಡಿರಂತೆ ಅಂಟಿಕೊಂಡಿರಬೇಕು. ನಡುವಿನ ಅಂಟು ಒಣಗಿ ಬಿರಿದು, ಒಳಗೆ ನವಿಲುಗರಿಯ ಬಣ್ಣದ ಕಲೆ ಎದ್ದಿತ್ತು. ಬಿಸಿ ಮಾಡಿ ಬಿಡಿಸಿ, ಹೊಸ ಅಂಟು ಹಾಕಿದರೆ ಸಂಸಾರ ಸರಿಹೋಗುತ್ತದೆ. ಶನಿವಾರ ಪಾತ್ರೆಯಲ್ಲಿ ಬಟ್ಟೆ ಹಾಸಿ, ನೀರು ತುಂಬಿ, ಮಸೂರವನ್ನು ಮುಳುಗಿಸಿ ಒಲೆಯ ಮೇಲಿಟ್ಟೆ.

“ಏನ್ಲಾ ಬೇಯಿಸ್ತಿದೀಯ?” ಎಂದಳು ಅವ್ವ.

“ಮಸೂರ.”

ಚಿಮಟ ಹುಡುಕಿ ಬರುವಷ್ಟರಲ್ಲಿ ನೀರು ಹಳದಿಯಾಗಿತ್ತು!

“ಬೇಳೆಗೆ ಅರಿಶಿನ ಹಾಕೋದು ಮರೆತಿದ್ದೆ ಕಣ್ಲಾ. ಉಪ್ಪೂ ಹಾಕಿದೀನಿ. ಎಲ್ಲಿ, ಒಂದು ಕಾಳೂ ಸೌಟಿಗೆ ಸಿಗ್ತಿಲ್ಲ?”

ಅರಿಶಿನಸ್ನಾನ ಮುಗಿಸಿದ ಗಾಜುಗಳು ಹಾಯಾಗಿ ಬೇರೆಯಾದವು. ತೊಳೆದು ಒರೆಸಿದೆ. ಇನ್ನು ಅಂಟು. ಕೆನಡಾ ದೇಶದ ಮರದ ಅಂಟೇ ಆಗಬೇಕೆಂದು ಪುಸ್ತಕ ಹೇಳಿತ್ತು. ಹೊಸಹಳ್ಳಿಗೆ ಕೆನಡಾ ಎಲ್ಲಿಂದ ಬರಬೇಕು! ಬೆಳಕನ್ನು ಹೆಚ್ಚುಕಡಿಮೆ ಅಷ್ಟೇ ಬಾಗಿಸುವ ವಸ್ತು ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲೇ ಇತ್ತು: ಜೇನುತುಪ್ಪ.

“ಅಜ್ಜಿ ಕೆಮ್ಮಿಗೆ ಇಟ್ಟಿರೋದು!”

“ವಿಜ್ಞಾನಕ್ಕೆ ಒಂದೇ ತೊಟ್ಟು, ಅವ್ವ.”

ಕೂಡಿಸಿದ ಮಸೂರವನ್ನು ಕಿಟಕಿಗೆ ಹಿಡಿದೆ. ಆಹಾ! ಅದರೊಳಗೆ ರಾಗಿ ಹೊಲ ಮೇಲಿತ್ತು, ಆಕಾಶ ಕೆಳಗಿತ್ತು. ಮಾಗಡಿ ರಸ್ತೆಯ ಎತ್ತಿನ ಗಾಡಿಯೊಂದು ತಲೆಕೆಳಗಾಗಿ, ಹೊಂಬಣ್ಣದಲ್ಲಿ ತೇಲುತ್ತಾ, ಸದ್ದಿಲ್ಲದೆ ಪೇಟೆಯ ಕಡೆ ಹೋಗುತ್ತಿತ್ತು. ನಾನೂ ಅದರ ಹಿಂದೆ ತೇಲಿದೆ. ಕೆಟ್ಟ ಕ್ಯಾಮೆರಾಗಳನ್ನು ಎದೆಗವಚಿಕೊಂಡ ದೊರೆಗಳು ನಮ್ಮ ಮನೆಯ ಮುಂದೆ ಸಾಲುಗಟ್ಟಿ ನಿಂತಂತೆ, ಅಪ್ಪ ಅವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದಂತೆ ಕಂಡಿತು.

ಮಾರನೆಯ ದಿನ ಸಾಲು ನಿಜಕ್ಕೂ ಬಂತು. ಇರುವೆಗಳದ್ದು!

ಅಂಗಳದಲ್ಲಿ ಅಜ್ಜಿ ಕುರ್ಚಿಯಲ್ಲಿ, ಪಕ್ಕದಲ್ಲಿ ಗೌನಿನೊಳಗೆ ನಾನು. ಕ್ಯಾಮೆರಾ ಹಿಡಿದ ಚಿಕ್ಕಪ್ಪ ಕೂಗಿದರು: “ಲೇ, ಇದಕ್ಕೆ ಇರುವೆ ಹತ್ಕೊಂಡವೆ!”

“ಅವು ಹೊರಗಿನವು ಚಿಕ್ಕಪ್ಪ, ಒತ್ತಿ!”

“ಒಳಗಡೆಯಿಂದ ಬರ್ತಾ ಅವೆ ಕಣ್ಲಾ!”

“ಒತ್ತಿ ಅಂದ್ರೆ ಒತ್ತಿ!”

ಒತ್ತಿದರು. ಬಿಸಿಲಿಗೆ ಜೇನು ಕರಗಿ, ಗಾಜುಗಳು ಒಂದರ ಮೇಲಿಂದ ಒಂದು ಜಾರುತ್ತಿದ್ದುದು ನನ್ನ ಭೌತಶಾಸ್ತ್ರಕ್ಕೆ ಹೊಳೆಯಲೇ ಇಲ್ಲ. ಸಂಜೆ ಗೌನು ಹೋಯಿತು.

ಪೇಟೆಯಲ್ಲಿ ತೊಳೆಸಿ ತಂದ ಫೋಟೋ ನೋಡಿದರೆ ಎಲ್ಲವೂ ಮಂಜು. ಮಂಜಿನೊಳಗೆ ರೆಕ್ಕೆ ಬಿಚ್ಚಿದ ಒಂದು ಕಾಗೆ. ಅದು ಪದವೀಧರ! ಅಜ್ಜಿಯಿದ್ದಲ್ಲಿ ಬೆಳ್ಳನೆಯ ಮೋಡ.

ಪಕ್ಕದ ಮನೆಯ ನಂಜಮ್ಮ ಇಣುಕಿ ಕೈಮುಗಿದರು. “ಯಾವ ದೇವರು ಇದು?”

ಅಪ್ಪ ಗೋಡೆಯ ಖಾಲಿ ಚೌಕಟ್ಟನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಇಳಿಸಿ, ಹಿಂದಿನ ಹಲಗೆ ಬಿಚ್ಚಿ, “ಆ ಡಿಗ್ರಿ ಕಾಗದನೇ ತತ್ತಾ” ಎಂದರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

“ನಿನ್ನ ಹೆಸರು ಎಲ್ಲದೆ?”

ತೋರಿಸಿದೆ. ಓದು ಬಾರದ ಅಪ್ಪ ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ, ಕಾಗದವನ್ನು ಜೋಪಾನವಾಗಿ ಒಳಗೆ ಕೂರಿಸಿದರು. ಚೌಕಟ್ಟಿನ ಮೇಲಿನ ಧೂಳು ಒರೆಸೋಣವೆಂದು ಕೈ ಚಾಚಿದೆ.

ಒಳಗಿನಿಂದ ಅಜ್ಜಿ ಕೆಮ್ಮುತ್ತಲೇ ಕೂಗಿದಳು: “ಲೇ ಮಗಾ, ಆ ಗಾಜು ಮುಟ್ಟಬ್ಯಾಡ! ಅದೊಂದಾದ್ರೂ ನೆಟ್ಟಗಿರ್ಲಿ!”