ಮೇಲಿನ ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್

ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಹೇಳುವುದು ಸುಲಭ ಎಂದುಕೊಂಡವರು, ಒಮ್ಮೆ ತಮ್ಮದೇ ಅಡುಗೆಮನೆಯಲ್ಲಿ ನಡೆದದ್ದನ್ನು ಹೇಳಿ ನೋಡಬೇಕು. ಮಲೇಷ್ಯಾದ ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಬಾಗಿಲು ತೆರೆಸಿ, ಒಳಗೆ ಏನು ಒಡೆದಿದೆ, ಹೇಗೆ ಒಡೆದಿದೆ ಎಂದು ವರದಿ ಬರೆಯುವುದು ನನ್ನ ಕೆಲಸ. ಪಿಂಗಾಣಿ ರಾಶಿ ಪುಡಿಯಾದದ್ದನ್ನು ಕಂಡರೂ ಅಲುಗದ ನಾನು, ಕಳೆದ ಭಾನುವಾರ ಒಂದು ಮೊಟ್ಟೆಯ ಮುಂದೆ ಸೋತೆ.

ತಪ್ಪು ನನ್ನದೇ. ಜೊತೆಗೆ ಕೆಲಸ ಮಾಡುವ ಜರ್ಮನಿಯ ಡೀಟರ್, ಚಿಕ್ಕಂದಿನಲ್ಲಿ ಅಮ್ಮ ಮಾಡಿಕೊಡುತ್ತಿದ್ದ ‘ಸ್ಟ್ರಾಮರ್ ಮ್ಯಾಕ್ಸ್’ ನೆನೆದು ನಿಟ್ಟುಸಿರು ಬಿಟ್ಟ. ಕಂದು ರೈ ಬ್ರೆಡ್ಡಿನ ಒಂದೇ ಹೋಳು, ಬೆಣ್ಣೆ, ಹಂದಿಮಾಂಸದ ತೆಳು ಪದರ, ಅದರ ಮೇಲೆ ಹಳದಿ ಒಡೆಯದ ಬುಲ್ಸ್ ಐ. ಮೇಲೆ ಇನ್ನೊಂದು ಬ್ರೆಡ್ ಇರುವುದಿಲ್ಲ. ಚಾಕು, ಫೋರ್ಕಿನಲ್ಲಿ ತಿನ್ನಬೇಕು. “ಇಷ್ಟೇ ತಾನೇ? ಭಾನುವಾರ ಮನೆಗೆ ಬಾ, ನಾನೇ ಮಾಡ್ತೇನೆ” ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಹಂದಿಯಿಲ್ಲ, ಕೋಳಿಯೇ ಎಂದಾಗ, ಮೊಟ್ಟೆಯೊಂದು ಅಮ್ಮನದರ ಹಾಗಿದ್ದರೆ ಸಾಕು ಎಂದ. ಹೀಗೆ ಇಡೀ ಭಾರ ಮೊಟ್ಟೆಯ ಮೇಲೆ ಬಿತ್ತು.

ಮೊದಲನೆಯದು ಕಾವಲಿಗೆ ಬೀಳುವಾಗಲೇ ಒಡೆಯಿತು. ಎರಡನೆಯದು ಎತ್ತುವಾಗ ಒಡೆಯಿತು. ಮೂರನೆಯದು ಸುರಕ್ಷಿತವಾಗಿತ್ತು, ಸುರಕ್ಷಿತವಾಗಿದೆಯೇ ಎಂದು ನಾನು ಬೆರಳಿನಿಂದ ಮುಟ್ಟಿ ನೋಡುವವರೆಗೆ. ಮಗಳು ಝೋಯಾ ಇಣುಕಿ, “ಪಪ್ಪಾ, ಜಸ್ಟ್ ತಪಾವ್ ರೋಟಿ ಚನಾಯ್ ಲಾ” ಎಂದಳು. ಹೋಟೆಲಿನಿಂದ ಪರೋಟ ಕಟ್ಟಿಸಿಕೊಂಡು ಬಾ ಎಂಬ ಸಲಹೆ ಅದು. ಕೇಳಲಿಲ್ಲ. ನಾಲ್ಕನೆಯದು ಬ್ರೆಡ್ಡಿನ ಮೇಲೆ ಇಡಿಯಾಗಿ ಕುಳಿತಿತು. ಅಷ್ಟರಲ್ಲಿ ಕರೆಗಂಟೆಯಾಯಿತು, ಝೋಯಾ ಬಾಗಿಲಿಗೆ ಓಡಿದಳು.

ನನ್ನ ಹೆಂಡತಿ ಶಬಾನಾ ಹುಬ್ಬಳ್ಳಿಯವಳು, ಮನೆಮಾತು ಉರ್ದು. ನಾನು ಉಡುಪಿ ಕಡೆಯ ಬ್ಯಾರಿ. ಇಬ್ಬರಿಗೂ ಸಮನಾಗಿ ಜಗಳಕ್ಕೆ ಒದಗುವ ಭಾಷೆ ಕನ್ನಡ. ಅವಳು ತಟ್ಟೆ ನೋಡಿ ಬೆಚ್ಚಿದಳು. “ಏನ್ರಿ ಇದು, ಮನೀಗೆ ಬಂದ ಮನಶಾಗ ಅರ್ಧಾ ಸ್ಯಾಂಡ್‌ವಿಚ್ ಕೊಡ್ತೀರೇನು? ಮ್ಯಾಲಿಂದು ಬ್ರೆಡ್ ಎಲ್ಲೈತಿ?” ಎನ್ನುತ್ತಲೇ ಇನ್ನೊಂದು ಹೋಳು ಇಟ್ಟು, ಅಂಗೈಯಿಂದ ಒಮ್ಮೆ ಗಟ್ಟಿಯಾಗಿ ಒತ್ತಿದಳು. ನಾನು ಎರಡು ಅಡಿ ದೂರದಲ್ಲಿದ್ದೆ. ಎಲ್ಲವನ್ನೂ ನೋಡಿದೆ. ಕೈ ಅಡ್ಡ ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮೇಜಿಗೆ ಬಂದು ಕೂತ ಡೀಟರ್, ಮೇಲಿನ ಹೋಳನ್ನು ಎತ್ತಿ ಒಳಗೆ ನೋಡಿದ. ಮೆಲ್ಲಗೆ ಮುಚ್ಚಿದ. ಚಾಕು ಬದಿಗಿಟ್ಟು ಎರಡೂ ಕೈಯಿಂದ ಹಿಡಿದು ಕಚ್ಚಿದ. ಹಳದಿ ಮಣಿಕಟ್ಟಿನವರೆಗೆ ಇಳಿಯಿತು. “ಅಮ್ಮ ಮಾಡಿದ ಹಾಗಿಲ್ಲ” ಎಂದ. ನನ್ನ ಜೀವ ಅರ್ಧವಾಯಿತು. ಮಣಿಕಟ್ಟು ನೆಕ್ಕಿಕೊಂಡು, “ಇನ್ನೊಂದು ಸಿಗುತ್ತಾ? ಯಾರು ಮಾಡಿದ್ದು ಇದು?” ಎಂದ.

“ಇಬ್ಬರೂ ಸೇರಿ” ಎಂದೆ.

“ಮಾಡಿದ್ದು ನೀವು, ಉದ್ಧಾರ ಮಾಡಿದ್ದು ನಾನು” ಎಂದು ಶಬಾನಾ ಕನ್ನಡದಲ್ಲಿ ತಿದ್ದಿದಳು.

ನಾನು ಖುಷಿಯಿಂದ ಒಲೆಯ ಮುಂದೆ ನಿಂತೆ. ಐದನೆಯ ಮೊಟ್ಟೆಯೂ ಒಡೆಯಿತು. ಹೇಗೂ ಮೇಲೆ ಬ್ರೆಡ್ ಇಟ್ಟು ಒತ್ತುವುದಿದೆಯಲ್ಲ, ಅದಕ್ಕೇ ಬೇಕೆಂದೇ ಒಡೆದೆ ಎಂದೆ. ಮೂವರಲ್ಲಿ ಒಬ್ಬರೂ ನಂಬಲಿಲ್ಲ.