ಪ್ಲಾಟಿನಂ ಹಣಮಂತ್ರಾಯ

ಹದಿನೇಳು ವರ್ಷಗಳ ಸರ್ಕಾರಿ ನೌಕರಿಯಲ್ಲಿ ಹಣಮಂತ್ರಾಯನಿಗೆ ಬಡ್ತಿ ಕೊಟ್ಟ ಪುಣ್ಯಾತ್ಮ ಎಂದರೆ ಅವನ ಮೊಬೈಲು ಒಂದೇ. ಸುರಪುರದ ಕಚೇರಿಯಲ್ಲಿ ಸೇರಿದ ದಿನ ಯಾವ ಕುರ್ಚಿಯಲ್ಲಿ ಕೂತಿದ್ದನೋ ಇವತ್ತಿಗೂ ಅದರಲ್ಲೇ ಕೂತಿದ್ದ. ನಡುವೆ ಬದಲಾದದ್ದು ಕುರ್ಚಿಯ ಒಂದು ಕಾಲು ಮಾತ್ರ. ಆದರೆ ಶಹಾಪುರದ ಮನೆಯಿಂದ ದಿನಾ ಹೋಗಿಬರುವ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು, ಎರಡೇ ವರ್ಷದಲ್ಲಿ ಅವನು ಕಂಚು, ಬೆಳ್ಳಿ, ಬಂಗಾರಗಳನ್ನು ದಾಟಿ ಪ್ಲಾಟಿನಂ ಆಗಿಬಿಟ್ಟಿದ್ದ. ಪೋಕರ್ ಎಂಬ ಇಸ್ಪೀಟಾಟದ ಆ್ಯಪು ದಯಪಾಲಿಸಿದ ಪದವಿ ಅದು. ಬಡ್ತಿ ಸಿಕ್ಕಾಗಲೆಲ್ಲ ಪರದೆಯ ಮೇಲೆ ಹೂಮಳೆ ಸುರಿಯುತ್ತಿತ್ತು. ಕಚೇರಿಯಲ್ಲಿ ಹೂವು ಬೀಳಬೇಕೆಂದರೆ ನಿವೃತ್ತಿಯಾಗಬೇಕು, ಇಲ್ಲವೇ ಸಾಯಬೇಕು.

ಪದವಿಗೆ ಬೇಕಾದ ಅರ್ಹತೆ ಬಹಳ ಸರಳವಾಗಿತ್ತು. ಆಟಕ್ಕೆ ಹಾಕಿದ ಪ್ರತಿ ಇಪ್ಪತ್ತು ರೂಪಾಯಿಗೆ ಒಂದು ಪಾಯಿಂಟು. ಸೋತವನು ಮತ್ತೆ ಹಾಕಬೇಕು, ಹಾಕಿದಷ್ಟೂ ಪಾಯಿಂಟು ಬೆಳೆಯುತ್ತದೆ. ಸೋಲುವುದರಲ್ಲಿ ನಮ್ಮ ಹಣಮಂತ್ರಾಯ ಎತ್ತಿದ ಕೈ. (ಗೆದ್ದವರೂ ಇದ್ದಾರೆಂದು ಅವನು ಕೇಳಿದ್ದ, ಕಣ್ಣಾರೆ ಕಂಡಿರಲಿಲ್ಲ.)

ಹೀಗೆ ಸುಖವಾಗಿ ಸೋಲುತ್ತಿರುವಾಗ, ದುಡ್ಡು ಕಟ್ಟಿ ಆಡುವ ಆಟಗಳನ್ನೆಲ್ಲ ಸರ್ಕಾರ ನಿಲ್ಲಿಸಿತು. ಆ್ಯಪಿನಿಂದ ಸಂದೇಶ ಬಂತು: ನಿಮ್ಮ ಖಾತೆಯಲ್ಲಿ ಸಾವಿರದ ಒಂಬೈನೂರ ಇಪ್ಪತ್ತು ಪಾಯಿಂಟುಗಳಿವೆ. ಹತ್ತು ದಿನದೊಳಗೆ ಅವನ್ನು ಒಂಬೈನೂರ ಅರವತ್ತು ರೂಪಾಯಿ ನಗದಾಗಿ ಪಡೆಯಬಹುದು. ಅಥವಾ ಹಾಗೆಯೇ ಉಳಿಸಿಕೊಂಡು, ಸುಳ್ಳು ನಾಣ್ಯಗಳ ಪುಕ್ಕಟೆ ಆಟದಲ್ಲಿ ಪ್ಲಾಟಿನಂ ಆಗಿಯೇ ಮುಂದುವರಿಯಬಹುದು. ನಗದು ಪಡೆದವರು ಮರಳಿ ಕಂಚು.

ಒಂಬೈನೂರ ಅರವತ್ತೋ, ಮರ್ಯಾದೆಯೋ? ಹಣಮಂತ್ರಾಯ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೇಲಾಗಿ ಇನ್ನೊಂದು ತೊಡಕಿತ್ತು. ಆಟಕ್ಕೆ ಹಾಕುವ ದುಡ್ಡನ್ನು ಅವನು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟ ಗೆಳೆಯ ಮುಸ್ತಫಾನ ಕೈಗೆ ಕೊಟ್ಟು, ಅವನ ಫೋನಿನಿಂದ ಹಾಕಿಸುತ್ತಿದ್ದ. ವಾಪಸು ಬರುವ ದುಡ್ಡು ಮಾತ್ರ ಆಟಗಾರನ ಸ್ವಂತ ಬ್ಯಾಂಕ್ ಖಾತೆಗೇ ಬರಬೇಕು. ಆ ಖಾತೆ ಇದ್ದದ್ದು ಹಣಮಂತ್ರಾಯನ ಹೆಸರಿನಲ್ಲಿ, ಅದರ ಸಂದೇಶ ಹೋಗುತ್ತಿದ್ದದ್ದು ಹೆಂಡತಿ ಪರಿಮಳಾಳ ಫೋನಿಗೆ. ಮದುವೆಯಾದ ಹೊಸದರಲ್ಲಿ ಪ್ರೀತಿ ಉಕ್ಕಿ ಆ ಏರ್ಪಾಟು ಮಾಡಿದವನು ಅವನೇ.

ಪರಿಮಳಾ ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಸೀರೆಯ ಅಂಚಿಗೆ ಪೀಕೋ ಮಾಡುವ ಮಷೀನು ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಅದಿಲ್ಲದೆ ಬಂದ ಸೀರೆಗಳನ್ನೆಲ್ಲ ಹಿಂದಿನ ಓಣಿಯ ರೇಣಮ್ಮನಿಗೆ ಒಯ್ದು ಕೊಟ್ಟು, ಲಾಭವನ್ನೂ ಅಲ್ಲೇ ಬಿಟ್ಟು ಬರಬೇಕಾಗಿತ್ತು. ಹತ್ತೊಂಬತ್ತು ಸಾವಿರ ಎಲ್ಲಿಂದ ತರಲಿ ಎಂದು ಹಣಮಂತ್ರಾಯ ಪ್ರತಿ ಸಲವೂ ಕೈ ಝಾಡಿಸುತ್ತಿದ್ದ.

ಏಕೆಂದರೆ ಮನೆಯಲ್ಲಿ ಅವನು ಮಿತವ್ಯಯ ಮಹಾಮಂಡಲದ ಏಕಮೇವ ಅಧ್ಯಕ್ಷ. ಹಿಂದಿನ ಪಂಚಮಿಗೆ ಪರಿಮಳಾ ಯಾದಗಿರಿಯ ಬಟ್ಟೆ ಅಂಗಡಿಯಿಂದ ಒಂದು ಸ್ಟೀಲಿನ ಬಿಸಿಡಬ್ಬಿ ತಂದು, ಅಂಗಡಿಯ ಕಾರ್ಡಿನಲ್ಲಿ ಕೂಡಿದ ಪಾಯಿಂಟಿಗೆ ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದ್ದಳು. ಹಣಮಂತ್ರಾಯ ತಾಯಿ ಭೀಮವ್ವನನ್ನು ಸಾಕ್ಷಿಗೆ ಕೂಡಿಸಿಕೊಂಡು, ಹೆಂಡತಿಯ ಕೈಯಲ್ಲೇ ಹೊಲಿಗೆಯ ಸೀಮೆಸುಣ್ಣ ಹಿಡಿಸಿ ಲೆಕ್ಕ ಮಾಡಿಸಿದ್ದ.

"ನೂರು ರೂಪಾಯಿಗೆ ಒಂದು ಪಾಯಿಂಟ್. ನಿನ್ನವು ಇನ್ನೂರ ನಲವತ್ತು. ಗುಣಿಸು. ಪಾಯಿಂಟ್ ಅಂದ್ರ ಗಳಿಸಿದ್ದಲ್ಲ, ಕಳಕೊಂಡಿದ್ದು, ತಿಳೀತೇನು?"

ಅಂದಿನಿಂದ ಅದಕ್ಕೆ ಇಪ್ಪತ್ನಾಲ್ಕು ಸಾವಿರದ ಡಬ್ಬಿ ಎಂದೇ ಹೆಸರು. ಅದರಿಂದ ರೊಟ್ಟಿ ತೆಗೆಯುವಾಗಲೆಲ್ಲ ಅವನು ಆ ಹೆಸರು ಹೇಳಿಯೇ ತೆಗೆಯುತ್ತಿದ್ದ. ಆ ಇಪ್ಪತ್ನಾಲ್ಕು ಸಾವಿರಕ್ಕೆ ಕೊಂಡ ಸೀರೆಗಳಲ್ಲಿ ಹೆಚ್ಚಿನವು ಅವನ ಅಕ್ಕತಂಗಿಯರಿಗೆ ಉಡಿಸಿದವು ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ.

ಒಂಬತ್ತನೆಯ ದಿನ ಅವನು ಮುಸ್ತಫಾನ ಅಂಗಡಿಗೆ ಹೋಗಿ ಸಂಕಟ ತೋಡಿಕೊಂಡ.

"ಪ್ಲಾಟಿನಂ ಇಟ್ಕೊಂಡು ಏನ್ ಮಾಡ್ತೀರಿ ಸಾಬ್?" ಎಂದ ಮುಸ್ತಫಾ. "ಕಂಡಕ್ಟರ್ ಸೀಟ್ ಬಿಟ್ಟುಕೊಡ್ತಾನೇನು? ರೊಕ್ಕ ತಗೋರಿ. ಭಾಭಿ ಕೇಳಿದ್ರ ಇನಾಮ್ ಬಂದಾದ ಅನ್ರಿ."

ಇನಾಮು! ಹಣಮಂತ್ರಾಯನಿಗೆ ಜೀವ ಬಂದಂತಾಯಿತು. ಬುದ್ಧಿಯ ಆಟದ ಸ್ಪರ್ಧೆ, ಅದರಲ್ಲಿ ತನಗೆ ಬಹುಮಾನ. ಮರುದಿನ ಸಂಜೆ ಬಸ್ಸು ಹತ್ತಿಗೂಡೂರು ದಾಟುವಾಗ ಎದೆ ಗಟ್ಟಿಮಾಡಿ ಗುಂಡಿ ಒತ್ತಿದ. ಒತ್ತುವ ಮುನ್ನ, ತನ್ನ ಪ್ಲಾಟಿನಂ ಪುಟದ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದನ್ನು ಮರೆಯಲಿಲ್ಲ. ಇಷ್ಟು ದೊಡ್ಡ ಪದವಿಯಿಂದ ಇಳಿಯುವಾಗ ಮನುಷ್ಯನಿಗೆ ಒಂದು ನೆನಪಾದರೂ ಬೇಡವೇ?

ಮನೆ ಮುಟ್ಟುವಷ್ಟರಲ್ಲಿ ಸಂದೇಶ ತಾನೇ ಮುಂಚೆ ಮುಟ್ಟಿತ್ತು. ಬುದ್ಧಿಯ ಆಟದ ಬಹುಮಾನವೆಂದು ಹೇಳಿದಾಗ ಪರಿಮಳಾ ಅನುಮಾನಪಡಲಿಲ್ಲ. ನಿಜವಾಗಿಯೂ ಖುಷಿಪಟ್ಟಳು. ಮಷೀನು ನಿಲ್ಲಿಸಿ ಚಹಾ ಮಾಡಿಕೊಟ್ಟಳು, ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿ. ಈ ರೊಕ್ಕ ಪೀಕೋ ಮಷೀನಿಗೆ ಮೊದಲ ಬೋಣಿ ಅಂತ ತೆಗೆದಿಡೋಣ ಅಂದಳು. ತನ್ನ ಗಂಡನಿಗೂ ಯಾರೋ ಬಹುಮಾನ ಕೊಟ್ಟರಲ್ಲ ಎಂದು ಅವಳ ಮುಖ ಅರಳಿದ್ದು ನೋಡಿ ಹಣಮಂತ್ರಾಯನಿಗೆ ಒಳಗೇ ಚುಚ್ಚಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಸರ್ಟಿಫಿಕೇಟ್ ಕೊಟ್ಟಿಲ್ಲವೇ ಎಂದು ಅವಳು ಕೇಳಿದಾಗ, ಹದಿನೇಳು ವರ್ಷ ಬಡ್ತಿಯಿಲ್ಲದವನ ಎದೆ ಉಬ್ಬಿತು. ಫೋನು ತೆಗೆದು ಚಿತ್ರ ತೋರಿಸಿಯೇಬಿಟ್ಟ.

ಪರಿಮಳಾ ಚಿತ್ರದ ಸುತ್ತಿನ ಹೂಮಾಲೆ ನೋಡಿದಳು, ಪ್ಲಾಟಿನಂ ಹಣಮಂತ್ರಾಯ ಎಂಬ ಹೆಸರು ನೋಡಿದಳು, ಸಾವಿರದ ಒಂಬೈನೂರ ಇಪ್ಪತ್ತು ಪಾಯಿಂಟು ನೋಡಿದಳು. ಕೆಳಗಿನ ಸಣ್ಣ ಅಕ್ಷರಗಳಿಗೆ ಬಂದು ನಿಂತಳು. ದಿನವಿಡೀ ಸೂಜಿಗೆ ದಾರ ಪೋಣಿಸುವ ಕಣ್ಣಿಗೆ ಸಣ್ಣ ಅಕ್ಷರ ಯಾವ ಲೆಕ್ಕ?

"ಇಪ್ಪತ್ತು ರೂಪಾಯಿಗೆ ಒಂದು ಪಾಯಿಂಟ್ ಅಂತ ಬರದಾರಲ್ರಿ," ಅಂದಳು.

ಹಣಮಂತ್ರಾಯ ಚಹಾ ಬಸಿಯಲ್ಲಿ ಮುಖ ಮುಚ್ಚಿಕೊಂಡ. ಅವಳು ಸೀಮೆಸುಣ್ಣ ತೆಗೆದುಕೊಂಡು, ಕತ್ತರಿಸಲು ಹಾಸಿದ್ದ ಬಟ್ಟೆಯ ಮೇಲೆಯೇ ಗುಣಿಸತೊಡಗಿದಳು. ಕಲಿಸಿದ ಗುರು ಎದುರಿಗೇ ಕೂತಿದ್ದ. ಉತ್ತರ ಮೂವತ್ತೆಂಟು ಸಾವಿರದ ನಾನೂರು ಬಂತು. ಆಮೇಲೆ ಅದನ್ನು ಹತ್ತೊಂಬತ್ತು ಸಾವಿರದಿಂದ ಭಾಗಿಸಿದಳು.

"ಎರಡು ಪೀಕೋ ಮಷೀನ್," ಎಂದಳು ಮೆಲ್ಲಗೆ. "ನಾಕ್ನೂರು ಉಳೀತಾವ. ದಾರ ಬರ್ತಿತ್ತು. ಬಸ್ ಛಾರ್ಜ್ ಏರ್ಯಾದ, ಏರ್ಯಾದ ಅಂತಿದ್ರಿ, ಇಲ್ಲಿಗೇನ್ರಿ ಏರಿದ್ದು?"

ಅವಳು ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅವಳು ಬೈಯಲಿಲ್ಲ. ಹಣಮಂತ್ರಾಯನಿಗೆ ನಾಚಿಕೆಯಿಂದ ಎಲ್ಲಿ ಕೂತಿದ್ದೇನೆಂಬುದೂ ತಿಳಿಯದಾಯಿತು. ಅಷ್ಟರಲ್ಲಿ, ಮೂಲೆಯಲ್ಲಿ ಡಬ್ಬಿಗೆ ರೊಟ್ಟಿ ತುಂಬುತ್ತಿದ್ದ ಭೀಮವ್ವ ಮುಚ್ಚಳ ಹಾಕಿ, ಮಗನತ್ತ ಕೈ ತೋರಿಸುತ್ತ ಸೊಸೆಯ ಕಡೆ ತಿರುಗಿದಳು.

"ನಿನ್ನ ಇಪ್ಪತ್ನಾಕು ಸಾವಿರದ್ದು ರೊಟ್ಟಿನರ ಬಿಸಿ ಇಡ್ತದವ್ವ. ನನ್ನ ಮೂವತ್ತೆಂಟು ಸಾವಿರದ್ದು ಏನ್ ಮಾಡ್ತದ ಕೇಳು."

ಅದಕ್ಕೂ ಪರಿಮಳಾ ಒಂದು ಕೆಲಸ ಹುಡುಕಿದಳು. ಒಂಬೈನೂರ ಅರವತ್ತನ್ನು ಮುಂಗಡಕ್ಕೆ ಸೇರಿಸಿ ಪೀಕೋ ಮಷೀನು ಕಂತಿನ ಮೇಲೆ ಮನೆಗೆ ಬಂತು. ಕಂತು ಹೋಗುವುದು ಹಣಮಂತ್ರಾಯನ ಸಂಬಳದಿಂದ. ಈಗ ಬಸ್ಸಿಗೆ ಎಣಿಸಿದಷ್ಟೇ ಚಿಲ್ಲರೆ ಸಿಗುತ್ತದೆ, ಚಹಾದ ದುಡ್ಡಿಲ್ಲ. ಸಂಜೆ ಮನೆಗೆ ಬಂದು ಅವನು ಬಾಬಿನ್ನುಗಳಿಗೆ ದಾರ ಸುತ್ತಬೇಕು. ಒಂದು ಬಾಬಿನ್ನಿಗೆ ಒಂದು ಪಾಯಿಂಟು, ಪರಿಮಳಾ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾಳೆ. ಹತ್ತು ಗೆರೆಗೆ ಹೊರಗೆ ಒಂದು ಚಹಾ, ಇಪ್ಪತ್ತೈದಕ್ಕೆ ಒಂದು ಪ್ಲೇಟು ಮಿರ್ಚಿ ಭಜಿ.

ನಿನ್ನೆಗೆ ಗೋಡೆಯ ಮೇಲೆ ಹನ್ನೊಂದು ಗೆರೆಗಳಾಗಿವೆ. ಈಗಲೇ ಚಹಾ ಕುಡಿದುಬಿಡಲೋ, ಇನ್ನಷ್ಟು ಕೂಡಿಹಾಕಲೋ ಎಂದು ಹಣಮಂತ್ರಾಯನಿಗೆ ಮತ್ತೆ ಸರಿಯಾಗಿ ಊಟ ಸೇರುತ್ತಿಲ್ಲ.